ಚಹಾ ಎಂಬ ಮಾತು ನಡೆದ ದಾರಿ

ಹೈದರಾಬಾದಿನ ನಮ್ಮ ಬಳಗದ ಕಳೆದ ಕೂಟದಲ್ಲಿ, ಸದಸ್ಯರೊಬ್ಬರು ಜಪಾನಿನಿಂದ ತಂದಿದ್ದ ಗ್ಯೊಕುರೊ ಎಂಬ ಅಪರೂಪದ ಹಸಿರು ಚಹಾವನ್ನು ಸವಿದೆವು. ಕುದಿಸಿದ ನೀರನ್ನು ಸುಮಾರು 60 ಡಿಗ್ರಿಗೆ ಆರಿಸಿ, ಎಲೆಯ ಮೇಲೆ ಸುರಿದು, ಎರಡು ನಿಮಿಷ ಕಾದೆವು. ಒಬ್ಬೊಬ್ಬರಿಗೆ ದಕ್ಕಿದ್ದು ಎರಡೇ ಗುಟುಕು. ಬೀದರ್ ಮೂಲದ ಹಿರಿಯರು ಬಾಯಿ ಚಪ್ಪರಿಸಿ, "ಇದು ಚಹಾ ಅಲ್ಲ, ಬೇಳೆಯ ಕಟ್ಟು" ಎಂದರು.

ಅವರ ನಾಲಗೆ ತಪ್ಪಿರಲಿಲ್ಲ. ಕೊಯ್ಲಿಗೆ ಮುನ್ನ ಸುಮಾರು 20 ದಿನ ಈ ಗಿಡಗಳಿಗೆ ನೆರಳು ಹೊದಿಸುತ್ತಾರೆ. ಬಿಸಿಲಿನಲ್ಲಿ ಒಗರಾಗಿ ಮಾರ್ಪಡುವ ಥಿಯನೈನ್ ನೆರಳಿನಲ್ಲಿ ಹೆಚ್ಚಾಗಿ ಉಳಿದು, ಸಾರಿನಂಥ ರುಚಿಯನ್ನು ಕೊಡುತ್ತದೆ. ಇಂಥ ರುಚಿಗೆ 'ಉಮಾಮಿ' ಎಂದು 1908ರಲ್ಲಿ ಹೆಸರಿಟ್ಟವರು ಜಪಾನಿನ ರಸಾಯನ ವಿಜ್ಞಾನಿ ಕಿಕುನಾಎ ಇಕೆದ.

1191ರಲ್ಲಿ ಚೀನಾದಿಂದ ಮರಳಿದ ಬೌದ್ಧ ಭಿಕ್ಷು ಐಸಾಯ್ ಚಹಾ ಬೀಜಗಳನ್ನು ಜಪಾನಿಗೆ ತಂದರೆಂಬುದು ಪ್ರಸಿದ್ಧ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಹೊಸೆದು ಒಣಗಿಸುವ ಕ್ರಮವನ್ನು 1738ರಲ್ಲಿ ರೂಪಿಸಿದವನು ಉಜಿ ಪ್ರಾಂತದ ನಾಗತಾನಿ ಸೋಎನ್. ಅದೇ ನೆಲದಲ್ಲಿ ಮುಂದಿನ ಶತಮಾನದಲ್ಲಿ ಗ್ಯೊಕುರೊ ಹುಟ್ಟಿತು.

ಆದರೆ ಅಂದು ನಮ್ಮನ್ನು ತಡೆದು ನಿಲ್ಲಿಸಿದ್ದು ರುಚಿಗಿಂತ ಹೆಚ್ಚಾಗಿ ಆ ಹಿರಿಯರ ಬಾಯಿಂದ ಬಂದ ಮಾತು. ಮೈಸೂರು ಕಡೆಯ ನಾವು 'ಟೀ' ಎಂದರೆ ಅವರು 'ಚಹಾ' ಎನ್ನುತ್ತಾರೆ. ಜಪಾನೀಯರೂ 'ಚಾ' ಎಂದೇ ಕರೆಯುತ್ತಾರೆ. ಎರಡೂ ಚೀನಾದ ಮಾತುಗಳೇ. ಫೂಜಿಯನ್ ಕರಾವಳಿಯ 'ತೆ' ಡಚ್ಚರ ಹಡಗನ್ನೇರಿ ಯುರೋಪಿಗೆ ಹೋಗಿ, ಇಂಗ್ಲಿಷಿನ ಮೂಲಕ ನಮಗೆ ಟೀ ಆಗಿ ಬಂದಿತು. 'ಚಾ' ಪಾರಸಿಯಲ್ಲಿ ಚಾಯ್ ಆಯಿತು. ಹೈದರಾಬಾದಿನ ಇರಾನಿ ಹೋಟೆಲುಗಳ ಚಾಯ್, ಮರಾಠಿಯ ಮತ್ತು ಉತ್ತರ ಕರ್ನಾಟಕದ ಚಹಾ ಇದೇ ಬಳ್ಳಿಯ ಕುಡಿಗಳು.

ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಈ ಊರಿನ ಆಳ್ವಿಕೆಯಲ್ಲಿದ್ದವು. ಆ ಸೀಮೆಯ ಕನ್ನಡವನ್ನು 'ಬೆರಕೆ' ಎಂದು ಹಗುರವಾಗಿ ಕಂಡವರಲ್ಲಿ ನಾವೂ ಇದ್ದೇವೆ. ಅಂದು ಲೋಟ ಕೆಳಗಿಟ್ಟಾಗ ನಮಗೆ ನಾಚಿಕೆಯಾಯಿತು. ಬೆರಕೆಯೆಂದು ನಾವು ನಕ್ಕ ಮಾತು ನಾಡುಗಳನ್ನು ದಾಟಿ ಬಂದದ್ದು. ಶುದ್ಧವೆಂದು ನಾವು ನೆಚ್ಚಿದ್ದ 'ಟೀ' ಕೂಡ ವಲಸೆ ಬಂದದ್ದೇ. ಹೊರನಾಡಿನಲ್ಲಿ ನೆಲೆ ನಿಂತ ನಮಗೆ ಇದು ಮೊದಲೇ ಹೊಳೆಯಬೇಕಿತ್ತು.