ಸಾರ್ವಜನಿಕ ನೀತಿಯಲ್ಲಿ ವರ್ತನಾ ವಿಜ್ಞಾನ

ಜನರು ನಿಜವಾಗಿ ಹೇಗೆ ಯೋಚಿಸುತ್ತಾರೆ, ಹೇಗೆ ತೀರ್ಮಾನಕ್ಕೆ ಬರುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಪ್ರಯೋಗಗಳಿಂದ ತಿಳಿದು, ಆ ತಿಳಿವಳಿಕೆಯನ್ನು ಸರ್ಕಾರದ ಯೋಜನೆ, ಅರ್ಜಿ ನಮೂನೆ, ನೋಟಿಸು ಮತ್ತು ಸೇವೆಗಳನ್ನು ರೂಪಿಸಲು ಬಳಸುವ ಕ್ರಮ. ಕಾನೂನು, ದಂಡ, ತೆರಿಗೆ, ಸಹಾಯಧನ ಇವು ಸರ್ಕಾರದ ಹಳೆಯ ಸಾಧನಗಳು. ಇವುಗಳ ಜೊತೆಗೆ ನಿಲ್ಲುವ ಈ ಕ್ರಮದ ಬೇರುಗಳು ಮನಶ್ಶಾಸ್ತ್ರ ಮತ್ತು ಅರ್ಥಶಾಸ್ತ್ರಗಳಲ್ಲಿವೆ. 20ನೆಯ ಶತಮಾನದ ನಡುವಿನಲ್ಲಿ ಮೊಳೆತು, 2010ರ ನಂತರ ಇದು ಹಲವು ದೇಶಗಳ ಆಡಳಿತದಲ್ಲಿ ನೆಲೆಯೂರಿತು.

ಹಿನ್ನೆಲೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮಾಂಸದ ದಾಸ್ತಾನಿನ ದೊಡ್ಡ ಪಾಲು ಸೈನ್ಯಕ್ಕೆ ಹೋಗುತ್ತಿತ್ತು. ಗುಂಡಿಗೆ, ಮೂತ್ರಪಿಂಡದಂಥ ಭಾಗಗಳನ್ನೂ ಮನೆಗಳಲ್ಲಿ ಬಳಸುವಂತೆ ಮಾಡುವುದು ಹೇಗೆಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಕೈಗೆತ್ತಿಕೊಂಡ. ಉಪನ್ಯಾಸ ಕೇಳಿದ ಗೃಹಿಣಿಯರಲ್ಲಿ ಶೇ. 3ರಷ್ಟು ಮಂದಿ ಮಾತ್ರ ಮುಂದೆ ಅವನ್ನು ಅಡುಗೆ ಮಾಡಿದರು. ತಮ್ಮೊಳಗೆ ಚರ್ಚಿಸಿ, ಕೈಯೆತ್ತಿ ತೀರ್ಮಾನಿಸಿದ ಗುಂಪುಗಳಲ್ಲಿ ಈ ಪ್ರಮಾಣ ಶೇ. 32. ಜನರನ್ನು ಮುಂದಕ್ಕೆ ತಳ್ಳುವುದಕ್ಕಿಂತ, ಅವರನ್ನು ತಡೆದಿರುವುದೇನೆಂದು ಕಂಡುಹಿಡಿದು ಅದನ್ನು ತೆಗೆಯುವುದು ಮೇಲೆಂಬ ಲೆವಿನ್‌ನ ವಿಚಾರ ಈ ಕ್ಷೇತ್ರದ ತಳಹದಿಗಳಲ್ಲೊಂದು.

1947ರಲ್ಲಿ ಹರ್ಬರ್ಟ್ ಸೈಮನ್ ‘ಅಡ್ಮಿನಿಸ್ಟ್ರೇಟಿವ್ ಬಿಹೇವಿಯರ್’ ಗ್ರಂಥವನ್ನು ಪ್ರಕಟಿಸಿದ. ಮನುಷ್ಯನ ಗಮನಕ್ಕೂ ಲೆಕ್ಕಾಚಾರಕ್ಕೂ ಮಿತಿಯಿದೆ. ಆತ ಅತ್ಯುತ್ತಮವಾದದ್ದನ್ನು ಹುಡುಕುತ್ತ ಕೂರದೆ, ಸಾಕೆನಿಸಿದ್ದನ್ನು ಆರಿಸಿಕೊಳ್ಳುತ್ತಾನೆ ಎಂಬುದು ಆತನ ವಾದ. 1970ರ ದಶಕದಲ್ಲಿ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಇಂಥ ತೀರ್ಮಾನಗಳಲ್ಲಿ ತಪ್ಪುಗಳು ಯಾವ ದಿಕ್ಕಿನಲ್ಲಿ ಆಗುತ್ತವೆಂದು ತೋರಿಸಿದರು. ಲಾಭ ಕೊಡುವ ಸಂತೋಷಕ್ಕಿಂತ ಅಷ್ಟೇ ಮೊತ್ತದ ನಷ್ಟ ಕೊಡುವ ನೋವು ಹೆಚ್ಚು ಎಂಬುದು 1979ರಲ್ಲಿ ಅವರು ಮಂಡಿಸಿದ ಸಿದ್ಧಾಂತದ ಒಂದು ಮುಖ್ಯ ಅಂಶ. ಸೈಮನ್‌ಗೆ 1978ರಲ್ಲಿ, ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಸಿದ್ಧಾಂತದಿಂದ ಕಚೇರಿಗೆ

ವ್ಯಕ್ತಿ ಏನನ್ನೂ ಮಾಡದೆ ಸುಮ್ಮನಿದ್ದರೆ ತಾನಾಗಿ ಜಾರಿಗೆ ಬರುವ ಆಯ್ಕೆಯನ್ನು ‘ಡಿಫಾಲ್ಟ್’ ಎನ್ನುತ್ತಾರೆ. ಅಂಗಾಂಗ ದಾನಕ್ಕೆ ಒಪ್ಪಿಗೆಯಿದೆಯೆಂದು ಭಾವಿಸಿ, ಬೇಡವೆಂದವರು ಮಾತ್ರ ತಿಳಿಸಬೇಕೆಂಬ ನಿಯಮವಿದ್ದ ಆಸ್ಟ್ರಿಯದಲ್ಲಿ ಒಪ್ಪಿಗೆ ಶೇ. 99ನ್ನು ಮೀರಿತ್ತು, ಬೇಕೆಂದವರು ನೋಂದಾಯಿಸಬೇಕಿದ್ದ ಜರ್ಮನಿಯಲ್ಲಿ ಅದು ಶೇ. 12ರಷ್ಟಿತ್ತು ಎಂದು 2003ರ ಅಧ್ಯಯನವೊಂದು ತೋರಿಸಿತು. 2004ರಲ್ಲಿ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ, ಮುಂದೆ ಸಂಬಳ ಏರಿದಾಗ ಅದರ ಒಂದು ಭಾಗ ತಾನಾಗಿ ಉಳಿತಾಯಕ್ಕೆ ಹೋಗುವಂತೆ ಕಾರ್ಮಿಕರು ಮೊದಲೇ ಒಪ್ಪಿಕೊಳ್ಳುವ ಯೋಜನೆಯ ಫಲಿತಾಂಶವನ್ನು ಪ್ರಕಟಿಸಿದರು. ಅದಕ್ಕೆ ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ 13.6ಕ್ಕೆ ಏರಿತು. ಅಮೆರಿಕದ 2006ರ ಪಿಂಚಣಿ ಕಾನೂನು ಇಂಥ ಉಳಿತಾಯ ಯೋಜನೆಗಳಿಗೆ ಕಾರ್ಮಿಕರ ಸ್ವಯಂಚಾಲಿತ ಸೇರ್ಪಡೆಗೆ ಉತ್ತೇಜನ ನೀಡಿತು. ಬ್ರಿಟನ್‌ನಲ್ಲಿ 2012ರಿಂದ ಅದು ಹಂತಹಂತವಾಗಿ ಜಾರಿಗೆ ಬಂತು.

2008ರಲ್ಲಿ ಥೇಲರ್ ಮತ್ತು ಕಾನೂನು ವಿದ್ವಾಂಸ ಕ್ಯಾಸ್ ಸನ್‌ಸ್ಟೈನ್ ಬರೆದ ‘ನಡ್ಜ್’ ಈ ವಿಚಾರಗಳನ್ನು ಆಡಳಿತಗಾರರ ಬಳಿಗೆ ತಲುಪಿಸಿತು. 2010ರಲ್ಲಿ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಸರ್ಕಾರ, ಡೇವಿಡ್ ಹಾಲ್ಪರ್ನ್ ನೇತೃತ್ವದಲ್ಲಿ ‘ಬಿಹೇವಿಯರಲ್ ಇನ್‌ಸೈಟ್ಸ್ ಟೀಮ್’ ಸ್ಥಾಪಿಸಿತು. ಹೆಚ್ಚಿನವರು ಸಮಯಕ್ಕೆ ಸರಿಯಾಗಿ ತೆರಿಗೆ ಕಟ್ಟುತ್ತಾರೆ ಎಂಬ ಒಂದು ಸಾಲು ಸೇರಿಸಿದ ಪತ್ರಗಳಿಂದ ಬಾಕಿ ವಸೂಲಿ ಚುರುಕಾಗುತ್ತದೆಂದು ಪ್ರಯೋಗಗಳು ಕಂಡುಕೊಂಡವು. ಅಮೆರಿಕದಲ್ಲಿ 2015ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಒಬಾಮ, ವರ್ತನಾ ವಿಜ್ಞಾನವನ್ನು ಬಳಸುವಂತೆ ಕೇಂದ್ರದ ಇಲಾಖೆಗಳಿಗೆ ಆದೇಶ ಹೊರಡಿಸಿದ. ವಿಶ್ವಬ್ಯಾಂಕು ತನ್ನ 2015ರ ವಿಶ್ವ ಅಭಿವೃದ್ಧಿ ವರದಿಯನ್ನು ಇದೇ ವಿಷಯಕ್ಕೆ ಮೀಸಲಿಟ್ಟಿತು. 2017ರ ನೊಬೆಲ್ ಥೇಲರ್‌ಗೆ ಸಂದಿತು.

ಭಾರತದಲ್ಲಿ

ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಲಸಿಕೆ ಪ್ರಯೋಗ ಪ್ರಸಿದ್ಧವಾದುದು. ಯಾವ ವಿಶೇಷ ಏರ್ಪಾಡೂ ಇಲ್ಲದ ಊರುಗಳಲ್ಲಿ ಎಲ್ಲ ಲಸಿಕೆಗಳನ್ನೂ ಪಡೆದ ಮಕ್ಕಳು ಶೇ. 6, ತಪ್ಪದೆ ನಡೆಯುವ ಶಿಬಿರಗಳಿದ್ದಲ್ಲಿ ಶೇ. 18, ಶಿಬಿರದ ಜೊತೆಗೆ ಒಂದೊಂದು ಸಲಕ್ಕೂ ಒಂದು ಕಿಲೋ ಬೇಳೆ, ಕೊನೆಯಲ್ಲಿ ತಟ್ಟೆಗಳನ್ನು ಕೊಟ್ಟಲ್ಲಿ ಶೇ. 39.

ಕರ್ನಾಟಕದ 213 ಹಳ್ಳಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಊರಿನಲ್ಲಿ ಸುದ್ದಿ ಹರಡುವ ಬಗೆಯನ್ನು ಪರೀಕ್ಷಿಸಿತು. ಸುದ್ದಿ ಹಬ್ಬಿಸಲು ಯಾರಿಗೆ ಹೇಳಬೇಕೆಂದು ಊರವರನ್ನೇ ಕೇಳಿ, ಅವರು ಹೆಸರಿಸಿದವರಿಗೆ ತಿಳಿಸಿದಾಗ ಅದು ಊರ ಹಿರಿಯರಿಗೆ ತಿಳಿಸಿದ್ದಕ್ಕಿಂತ ಹೆಚ್ಚು ಜನರನ್ನು ತಲುಪಿತು. ಇದೇ ಉಪಾಯ ಹರಿಯಾಣದ ಲಸಿಕೆ ಕಾರ್ಯಕ್ರಮದಲ್ಲೂ ಫಲಕೊಟ್ಟಿತು. ಕೇಂದ್ರದ 2018-19ರ ಆರ್ಥಿಕ ಸಮೀಕ್ಷೆ ಈ ವಿಷಯಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟು, ನೀತಿ ಆಯೋಗದಲ್ಲಿ ಪ್ರತ್ಯೇಕ ಘಟಕವಿರಬೇಕೆಂದು ಶಿಫಾರಸು ಮಾಡಿತು.

ಟೀಕೆ ಮತ್ತು ಮರುಪರಿಶೀಲನೆ

ಜನರಿಗೆ ತಿಳಿಯದಂತೆ ಅವರ ಆಯ್ಕೆಯನ್ನು ತಿರುಗಿಸುವುದು ನ್ಯಾಯವೇ ಎಂಬ ಆಕ್ಷೇಪ ಮೊದಲಿನಿಂದಲೂ ಇದೆ. ಬ್ರಿಟನ್ನಿನ ಮೇಲ್ಮನೆಯ ಸಮಿತಿಯೊಂದು 2011ರಲ್ಲೇ, ಇಂಥ ಉಪಾಯಗಳಷ್ಟನ್ನೇ ನೆಚ್ಚಿದರೆ ಸಾಲದು, ಕಾನೂನಿನ ಕ್ರಮಗಳೂ ಬೇಕೆಂದು ಹೇಳಿತು. ನಮೂನೆಯ ಮೇಲ್ಭಾಗದಲ್ಲಿ ಸಹಿ ಹಾಕಿಸಿದರೆ ಜನ ಪ್ರಾಮಾಣಿಕರಾಗುತ್ತಾರೆಂದ 2012ರ ಹೆಸರಾಂತ ಪ್ರಬಂಧವನ್ನು 2021ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಸ್ಟೆಫಾನೊ ಡೆಲ್ಲಾವಿಗ್ನ ಮತ್ತು ಎಲಿಜಬೆತ್ ಲಿನೋಸ್ 2022ರಲ್ಲಿ, ಅಮೆರಿಕದ ಎರಡು ವರ್ತನಾ ವಿಜ್ಞಾನ ಘಟಕಗಳ 126 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ವಿದ್ವತ್ಪತ್ರಿಕೆಗಳ ಅಧ್ಯಯನಗಳಲ್ಲಿ ಸರಾಸರಿ ಪರಿಣಾಮ ಶೇಕಡಾವಾರು 8.7 ಅಂಶಗಳಷ್ಟಿದ್ದರೆ, ಸರ್ಕಾರಿ ಪ್ರಯೋಗಗಳಲ್ಲಿ ಅದು 1.4 ಮಾತ್ರ. ಪರಿಣಾಮ ಚಿಕ್ಕದು, ಆದರೆ ಅದಕ್ಕೆ ತಗಲುವ ವೆಚ್ಚವೂ ಚಿಕ್ಕದು.

ಈ ಮರುಪರಿಶೀಲನೆಯ ಜೊತೆಯಲ್ಲೇ ಗಮನ ನಾಗರಿಕರ ದೌರ್ಬಲ್ಯದಿಂದ ಕಚೇರಿಯ ತೊಡಕಿನತ್ತ ಹೊರಳಿತು. ಪಮೇಲ ಹರ್ಡ್ ಮತ್ತು ಡೊನಾಲ್ಡ್ ಮೊಯ್ನಿಹಾನ್ 2018ರ ತಮ್ಮ ಗ್ರಂಥದಲ್ಲಿ, ದಾಖಲೆ, ಅಲೆದಾಟ, ಕಾಯುವಿಕೆಗಳು ಅರ್ಹರನ್ನೇ ಸೌಲಭ್ಯದಿಂದ ದೂರವಿಡುವುದನ್ನು ವಿವರಿಸಿದರು. ಇದಕ್ಕೆ ಬಲವಾದ ಸಾಕ್ಷ್ಯ 2012ರಲ್ಲೇ ದೊರೆತಿತ್ತು. ಅಮೆರಿಕದಲ್ಲಿ ಕಾಲೇಜು ಧನಸಹಾಯದ ಉದ್ದನೆಯ ಅರ್ಜಿಯನ್ನು ತುಂಬಲು ಬಡ ಕುಟುಂಬಗಳಿಗೆ ನೆರವಾದಾಗ, ಎರಡು ವರ್ಷ ಕಾಲೇಜು ಓದಿದ ಮಕ್ಕಳ ಪ್ರಮಾಣ ಶೇ. 28ರಿಂದ 36ಕ್ಕೆ ಏರಿತು. ಮಾಹಿತಿಯನ್ನಷ್ಟೇ ಕೊಟ್ಟ ಕುಟುಂಬಗಳಲ್ಲಿ ಬದಲಾವಣೆ ಕಾಣಲಿಲ್ಲ.

ಮೌಲ್ಯಮಾಪನ

ಈ ಕ್ಷೇತ್ರದ ಗಟ್ಟಿಯಾದ ಸಾಧನೆಗಳು ಜಾಣ್ಮೆಯ ಸಂದೇಶಗಳಿಗಿಂತ ಹೆಚ್ಚಾಗಿ ಸರಳವಾದ ಅರ್ಜಿ, ತಪ್ಪದೆ ನಡೆಯುವ ಶಿಬಿರ, ತಾನಾಗಿ ಆಗುವ ಸೇರ್ಪಡೆಗಳಿಂದ ಬಂದಿವೆ. ಬಡತನಕ್ಕಾಗಲಿ, ಸಂಬಳ, ಆಸ್ಪತ್ರೆ, ಶಾಲೆಗಳ ಕೊರತೆಗಾಗಲಿ ಇದು ಪರಿಹಾರವಲ್ಲ. ಆದರೆ ಯೋಜನೆಯೊಂದನ್ನು ನಾಡಿಗೆಲ್ಲ ಹರಡುವ ಮೊದಲು ಚಿಕ್ಕ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಬೇಕೆಂಬ ಶಿಸ್ತನ್ನು ಆಡಳಿತಕ್ಕೆ ಕಲಿಸಿದ್ದು ಇದರ ಬಹು ಮುಖ್ಯ ಕೊಡುಗೆ.