ಪ್ರಾಣಿಗಳ ಗಾತ್ರ ಮತ್ತು ಅಳಿವು: ಸನ್ನತಿಯ ಸುತ್ತಮುತ್ತ

ಸನ್ನತಿಗೆ ಹೋದವರು ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಫಲಕಗಳನ್ನು ನೋಡಿರುತ್ತೀರಿ. ಅವು ಸುಣ್ಣಕಲ್ಲಿನವು. ಶಹಾಬಾದಿನಿಂದ ಬಂದು ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಕಲ್ಲು, ವಾಡಿ ಮತ್ತು ಸೇಡಂನ ಕಾರ್ಖಾನೆಗಳಲ್ಲಿ ಸಿಮೆಂಟ್ ಆಗುವ ಕಲ್ಲು ಕೂಡ ಸುಣ್ಣಕಲ್ಲೇ. ಈ ಪ್ರದೇಶದ ಶಿಲಾಸ್ತರಗಳನ್ನು ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿ 1872ರಲ್ಲಿ 'ಭೀಮಾ ಶ್ರೇಣಿ' ಎಂದು ಕರೆದನು. ಶಹಾಬಾದಿ ಕಲ್ಲನ್ನು ಎಷ್ಟು ಸೀಳಿ ನೋಡಿದರೂ ಅದರಲ್ಲಿ ಮೂಳೆಯಾಗಲಿ ಚಿಪ್ಪಾಗಲಿ ಸಿಗುವುದಿಲ್ಲ. ಅದು ಕೇಂಬ್ರಿಯನ್ ಯುಗಕ್ಕೂ ಮೊದಲು, ಎಂದರೆ 54 ಕೋಟಿ ವರ್ಷಗಳಿಗಿಂತ ಹಿಂದೆ, ಸಮುದ್ರದ ತಳದಲ್ಲಿ ಶೇಖರವಾದುದು.

ಆಮೇಲಿನ ಕಾಲದಲ್ಲಿ ಪ್ರಾಣಿಗಳು ದೊಡ್ಡದಾಗುತ್ತಲೇ ಬಂದವೇ? ಸಮುದ್ರಜೀವಿಗಳ 17 ಸಾವಿರಕ್ಕೂ ಹೆಚ್ಚು ಜೀನಸ್‌ಗಳ ಅಳತೆಗಳನ್ನು ಕಲೆಹಾಕಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕೇಂಬ್ರಿಯನ್‌ನಿಂದ ಈಚೆಗೆ ಅವುಗಳ ಸರಾಸರಿ ಗಾತ್ರ ಸುಮಾರು 150 ಪಟ್ಟು ಹೆಚ್ಚಿದೆ. ವಂಶಪರಂಪರೆಯಲ್ಲಿ ದೇಹ ಹಿರಿದಾಗುವ ಈ ಪ್ರವೃತ್ತಿಗೆ ಅಮೆರಿಕದ ಎಡ್ವರ್ಡ್ ಕೋಪ್ ಹೆಸರಿನಲ್ಲಿ 'ಕೋಪ್ ನಿಯಮ' ಎನ್ನುತ್ತಾರೆ. ನಿಯಮವೆಂದರೂ ನಮ್ಮ ನ್ಯೂಟನ್ ನಿಯಮಗಳಂತೆ ಅಲ್ಲ, ಅಪವಾದಗಳು ಬೇಕಾದಷ್ಟಿವೆ.

ದೊಡ್ಡದಾಗುವುದರಿಂದ ಲಾಭವೇನು? ಲೆಕ್ಕ ಹಾಕಿ ನೋಡಿ. ವಿಶ್ರಾಂತಿಯಲ್ಲಿರುವ ಪ್ರಾಣಿ ಶಕ್ತಿಯನ್ನು ವ್ಯಯಿಸುವ ದರವು ಅದರ ರಾಶಿಯ 3/4ನೇ ಘಾತಕ್ಕೆ ಅನುಪಾತದಲ್ಲಿರುತ್ತದೆಂದು ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದನು. 20 ಗ್ರಾಂ ತೂಗುವ ಸುಂಡಿಲಿಗಿಂತ 4,000 ಕಿಲೋಗ್ರಾಂ ಆನೆಯ ರಾಶಿ 2 ಲಕ್ಷ ಪಟ್ಟು. ಆದರೆ ಶಕ್ತಿವ್ಯಯ ಸುಮಾರು 9,500 ಪಟ್ಟು ಮಾತ್ರ. ಕಿಲೋಗ್ರಾಂ ಒಂದಕ್ಕೆ ಲೆಕ್ಕ ಹಿಡಿದರೆ ಆನೆಯ ಖರ್ಚು ಇಲಿಯದರ 21ನೇ ಒಂದು ಭಾಗ. ಹಾಗಾಗಿ ಆನೆ ಹಸಿವು ತಾಳಬಲ್ಲದು, ಮೇವು ಹುಡುಕಿ ಬಹುದೂರ ನಡೆಯಬಲ್ಲದು. ಬೆಳೆದ ಆನೆಯ ತಂಟೆಗೆ ಹುಲಿಯೂ ಸುಲಭವಾಗಿ ಬರುವುದಿಲ್ಲ. ಇದೇ ಲೆಕ್ಕವನ್ನು ತಿರುಗಿಸಿ ಓದಿ: ಒಂದು ಆನೆಯನ್ನು ಸಾಕುವ ಶಕ್ತಿಯಲ್ಲಿ 9,500 ಇಲಿಗಳು ಬದುಕಬಹುದು. ಆದುದರಿಂದಲೇ ದೊಡ್ಡ ಪ್ರಾಣಿಗಳ ಸಂಖ್ಯೆ ಎಲ್ಲಿಯೂ ಕಡಿಮೆ. ಆಹಾರದ ಮೂಲವೇ ಕುಸಿದಾಗ ಮೊದಲು ಸೋಲುವವೂ ಅವೇ.

ಅಂಥದೊಂದು ಕುಸಿತದ ಕಾಲದ ಕೆಸರು ಸನ್ನತಿಯಿಂದ ಪೂರ್ವಕ್ಕೆ ಸುಮಾರು 50 ಕಿ.ಮೀ. ದೂರದ ಗುರುಮಠಕಲ್ ಕಡೆ ಉಳಿದಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಲಾವಾ ಹರಿಯುತ್ತಿದ್ದಾಗ, ಒಂದು ಪ್ರವಾಹಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಕೆರೆಗಳು ಉಂಟಾಗುತ್ತಿದ್ದವು. ಈ ಭಾಗದ ಅಂಥ ಕೆರೆಗಳ ಕೆಸರಿನಲ್ಲಿ ಸಿಕ್ಕ ಆಸ್ಟ್ರಕಾಡ್‌ಗಳನ್ನು, ಎಂದರೆ ಸಾಸಿವೆಗಿಂತ ಸಣ್ಣ ಚಿಪ್ಪುಳ್ಳ ನೀರುಜೀವಿಗಳನ್ನು, ರಾಬಿನ್ ವಾಟ್ಲಿ, ಸುನೀಲ್ ಬಾಜಪೇಯಿ ಮತ್ತು ಸಂಗಡಿಗರು 2002ರಲ್ಲಿ ವರ್ಣಿಸಿದರು. ಚಿಂಚೋಳಿಯಿಂದಾಚೆ, ತೆಲಂಗಾಣದ ವಿಕಾರಾಬಾದ್ ಬಳಿಯ ನಸ್ಕಲ್‌ನಲ್ಲಿ ಇಂಥದೇ ಸ್ತರದಿಂದ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಅವರಿಗೆ ಇಲಿಯಂಥ ಸಸ್ತನಿಯೊಂದರ ಹಲ್ಲುಗಳು ದೊರೆತವು. 1988ರಲ್ಲಿ ಪ್ರಕಟವಾದ ಈ 'ಡೆಕ್ಕನೊಲೆಸ್ಟಿಸ್', ಡೈನೋಸಾರ್‌ಗಳ ಕಾಲದ ಕ್ರಿಟೇಷಿಯಸ್ ಯುಗದಲ್ಲಿ ಭಾರತದಲ್ಲಿದ್ದುದಾಗಿ ತಿಳಿದುಬಂದ ಮೊದಲ ಸಸ್ತನಿ. ಆ ಯುಗದ ಕೊನೆಗೆ ಮೆಕ್ಸಿಕೋದ ಯುಕಟಾನ್‌ನಲ್ಲಿ ಕ್ಷುದ್ರಗ್ರಹ ಬಡಿಯಿತು. ನೆಲದ ಮೇಲೆ 25 ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತಿದ್ದ ಪ್ರಾಣಿಗಳಲ್ಲಿ, ಮೊಸಳೆಗಳಂಥ ಕೆಲವನ್ನು ಬಿಟ್ಟರೆ, ಉಳಿದವು ಇಲ್ಲವೆನ್ನಬಹುದು. ಬಿಲ ಸೇರಿ, ಬೀಜ ಹುಳು ತಿಂದು ಬದುಕಿದ ಸಣ್ಣ ಸಸ್ತನಿಗಳ ಪೀಳಿಗೆಯಿಂದಲೇ ಮುಂದೆ 17 ಟನ್ ತೂಗುವ ಸಸ್ತನಿಗಳೂ ವಿಕಾಸಗೊಂಡವು.

ಎರಡನೆಯ ಅಳಿವು ತೀರ ಈಚಿನದು. ಅದರಲ್ಲಿ ಕ್ಷುದ್ರಗ್ರಹದ ಪಾತ್ರವಿಲ್ಲ. ಗೋಕಾಕದ ಬಳಿ ಸಿಕ್ಕ, ಈಗ ಇಲ್ಲದ ಖಡ್ಗಮೃಗವೊಂದನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವರ್ಣಿಸಿದನು. ಸನ್ನತಿಯಿಂದ ನೈರುತ್ಯಕ್ಕೆ, ಹುಣಸಗಿ-ಬೈಚಬಾಳ ಕಣಿವೆಗಳಲ್ಲಿ, ಆನೆ ಮತ್ತು ಕಾಡುದನಗಳ ಪಳೆಯುಳಿಕೆಗಳು ಕಲ್ಲಿನ ಕೈಗೊಡಲಿಗಳ ಜೊತೆಗೇ ದೊರೆತಿವೆ. ಅಲ್ಲಿನ ಇಸಾಂಪುರವನ್ನು ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಉತ್ಖನನ ಮಾಡಿದರು. ಹಲ್ಲಿನ ಎನಾಮಲ್‌ನಿಂದ ಪಡೆದ ಅದರ ಕಾಲಮಾನ ಸುಮಾರು 12 ಲಕ್ಷ ವರ್ಷ. ಆಯುಧಗಳಿಗೆ ಬಳಸಿದ್ದು ಯಾವ ಕಲ್ಲು ಗೊತ್ತೇ? ಸಿಲಿಕಾ ಸೇರಿ ಗಟ್ಟಿಯಾದ ಅದೇ ಭೀಮಾ ಸುಣ್ಣಕಲ್ಲು!

ಕಳೆದ 50 ಸಾವಿರ ವರ್ಷಗಳ ಆಸುಪಾಸಿನಲ್ಲಿ ಆಸ್ಟ್ರೇಲಿಯದ ದೊಡ್ಡ ಪ್ರಾಣಿಗಳ ಜೀನಸ್‌ಗಳಲ್ಲಿ ಶೇ. 88, ಉತ್ತರ ಅಮೆರಿಕದಲ್ಲಿ ಶೇ. 72 ಅಳಿದವು. ಆದರೆ ಆಂಧ್ರದ ಬೇತಂಚರ್ಲ ಬಳಿಯ ಬಿಲ್ಲಸುರ್ಗಂ ಗವಿಗಳಲ್ಲಿ ಗುರುತಿಸಿದ 21 ಸಸ್ತನಿಗಳಲ್ಲಿ 20 ಬಗೆಗಳು 2 ಲಕ್ಷ ವರ್ಷ ದಾಟಿ ಉಳಿದಿವೆಯೆಂದು 2014ರಲ್ಲಿ ತಿಳಿಯಿತು. ನಮ್ಮಲ್ಲೂ ನೀರಾನೆ, ಸ್ಟೆಗೊಡಾನ್ ಮತ್ತು 'ಪ್ಯಾಲಿಯೊಲಾಕ್ಸೊಡಾನ್' ಎಂಬ ಭಾರೀ ಆನೆ ಅಳಿದವು ನಿಜ. ಆದರೂ ನಷ್ಟ ಕಡಿಮೆ. ಇಲ್ಲಿನ ಪ್ರಾಣಿಗಳು ಲಕ್ಷಾಂತರ ವರ್ಷ ಬೇಟೆಗಾರ ಮಾನವನ ಜೊತೆಗೇ ಬೆಳೆದು ಅವನಿಗೆ ಹೆದರುವುದನ್ನು ಕಲಿತಿದ್ದವು ಎಂಬ ವಿವರಣೆ ನನಗೆ ಸಮಂಜಸವಾಗಿ ಕಾಣುತ್ತದೆ.

ಕಲ್ಲಿನ ಆಯುಧದ ಕೆಲವೇ ಜನ ಇಡೀ ಖಂಡದ ಆನೆಗಳನ್ನು ಮುಗಿಸಬಲ್ಲರೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಆನೆಯ ಗರ್ಭಾವಧಿ 22 ತಿಂಗಳು, ಹುಟ್ಟುವುದು ಸಾಮಾನ್ಯವಾಗಿ ಒಂದೇ ಮರಿ. ಎಷ್ಟೇ ಅನುಕೂಲವಿದ್ದರೂ ಅವುಗಳ ಸಂಖ್ಯೆ ವರ್ಷಕ್ಕೆ ಶೇ. 7ಕ್ಕಿಂತ ವೇಗವಾಗಿ ಬೆಳೆಯದು. ಶೇ. 10 ಬೇಟೆಗೆ ಬಲಿಯಾದರೆ ನಿವ್ವಳ ನಷ್ಟ ಶೇ. 3. ಹಾಗಾದರೆ 23 ವರ್ಷಕ್ಕೆ ಅರ್ಧ. ಸಾವಿರ ಆನೆಗಳು ಒಂದಕ್ಕೆ ಇಳಿಯಲು ಸುಮಾರು 227 ವರ್ಷ. ಯಾವ ಬೇಟೆಗಾರನಿಗೂ ತನ್ನ ಜೀವಮಾನದಲ್ಲಿ ಅಳಿವು ಕಾಣಿಸದು, ಶಿಲಾಸ್ತರದಲ್ಲಾದರೋ ಅದು ಒಂದು ಕ್ಷಣ. ಮೂರು ವಾರಕ್ಕೆ ಮರಿಹಾಕುವ ಸುಂಡಿಲಿಗೆ ಇದೇ ಲೆಕ್ಕವನ್ನು ನೀವೇ ಮಾಡಿ ನೋಡಿ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆನೆಲದಲ್ಲಿ ಬೆರಳೆಣಿಕೆಯಷ್ಟು ಎರೆಭೂತ ಹಕ್ಕಿಗಳಿವೆ. ಗಂಡು 15 ಕಿಲೋಗ್ರಾಂವರೆಗೆ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಅದು ಅತಿ ಭಾರದವುಗಳ ಪೈಕಿ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಬಯಲು ನೆಲದ ಮೇಲೆ.