ತೊಳೆದ ಕೈ ಯಾರ ರಕ್ಷಣೆಗೆ?



ನಂಜನಗೂಡನ್ನು ಹಾದು ಬರುವ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಈ ಎರಡು ಕ್ಷೇತ್ರಗಳ ಪರಿಸರದಲ್ಲಿ ಬೆಳೆದ ನಮಗೆ ಸ್ನಾನ, ಮಡಿ, ಶುಚಿ ಎಂಬುವು ಹೊಸ ಮಾತುಗಳಲ್ಲ. ಹೊರಗಿನಿಂದ ಬಂದವರು ಕೈಕಾಲು ತೊಳೆದೇ ಒಳಗೆ ಬರಬೇಕೆಂಬುದು ಹಿರಿಯರ ಕಟ್ಟಳೆ. ಆದರೆ ಮಡಿಯ ಗುರಿ ತೊಳೆದುಕೊಂಡವನ ಶುದ್ಧಿ. ರೋಗಿಯನ್ನು ನಮ್ಮ ಕೈಯಿಂದಲೇ ಕಾಪಾಡಬೇಕೆಂಬ ವಿಚಾರ ವೈದ್ಯಶಾಸ್ತ್ರಕ್ಕೂ ತಡವಾಗಿಯೇ ಹೊಳೆಯಿತು.

ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ ಬಾಣಂತಿಯರ ಸಾವು ಕಡಿಮೆ. ವೈದ್ಯರ ಹಾಗೂ ವೈದ್ಯ ವಿದ್ಯಾರ್ಥಿಗಳ ವಿಭಾಗದಲ್ಲಿ ಬಹಳ ಹೆಚ್ಚು. ಶವಪರೀಕ್ಷೆ ಮಾಡಿದ ಕೈಗಳೇ ಹೆರಿಗೆಯನ್ನೂ ಮಾಡಿಸುತ್ತಿರುವುದನ್ನು ಇಗ್ನಾಜ್ ಸೆಮ್ಮೆಲ್‌ವೈಸ್ ಗುರುತಿಸಿದರು. 1847ರ ಮೇ ತಿಂಗಳಿನಿಂದ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈತೊಳೆಯುವುದನ್ನು ಕಡ್ಡಾಯಗೊಳಿಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಸಾವು ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು. ಆದರೂ ತಮ್ಮ ಕೈಯೇ ಮೃತ್ಯುವಿನ ವಾಹನವೆಂಬ ಮಾತು ಅನೇಕ ವೈದ್ಯರಿಗೆ ರುಚಿಸಲಿಲ್ಲ. 1865ರಲ್ಲಿ ಸೆಮ್ಮೆಲ್‌ವೈಸ್ ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ತೀರಿಕೊಂಡರು. ಪಾಶ್ಚರ್ ಮತ್ತು ಲಿಸ್ಟರ್ ಅವರ ಕಾರ್ಯದ ನಂತರವೇ ಲೋಕ ಅದನ್ನು ಒಪ್ಪಿತು.

ನಮ್ಮ ನಾಡಿಗೆ ಈ ಪಾಠ ಮತ್ತೆ ಬಂದುದು 2020ರಲ್ಲಿ. ಆ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೋನಾ ಕಾಣಿಸಿಕೊಂಡು, ಅವರಿಗೂ ಅವರ ಸಂಪರ್ಕದವರಿಗೂ ಸೇರಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಹರಡಿತು. ಮನೆಮನೆಯ ಬಾಗಿಲಲ್ಲಿ ಸಾಬೂನು ಬಂದು ಕುಳಿತಿತು. ಆ ರೋಗ ಮುಖ್ಯವಾಗಿ ಉಸಿರಿನ ಮೂಲಕ ಹರಡುವುದೆಂದು ಆಮೇಲೆ ಸ್ಪಷ್ಟವಾಯಿತು; ಬಹುಪಾಲು ಮನೆಗಳಲ್ಲಿ ಸಾಬೂನೂ ಮೆಲ್ಲನೆ ಒಳಸರಿಯಿತು.

ಅದು ಒಳಸರಿಯಬಾರದಿತ್ತು. ಹಾಸಿಗೆ ಹಿಡಿದ ವೃದ್ಧರಿಗೆ ತಗಲುವ ಅತಿಸಾರ, ಬೆನ್ನುಹುಣ್ಣಿನ ಕೀವು, ಮೂತ್ರನಾಳದ ಕೊಳವೆಯಿಂದಾಗುವ ಸೋಂಕು ಇವು ಬಹುಮಟ್ಟಿಗೆ ಸೇವೆ ಮಾಡುವವರ ಕೈಯಿಂದಲೇ ದಾಟುತ್ತವೆ. ವೃದ್ಧಾಶ್ರಮದಲ್ಲಿ ಒಬ್ಬರೇ ಹಲವು ಮಂಚಗಳನ್ನು ನೋಡಿಕೊಳ್ಳುವುದರಿಂದ ಅಪಾಯ ಇನ್ನೂ ಹೆಚ್ಚು. ಕೈಗವಸು ತೊಟ್ಟರೆ ಸಾಕೆಂಬುದೂ ಭ್ರಮೆ. ಅದೇ ಕೈಗವಸಿನಲ್ಲಿ ಇನ್ನೊಬ್ಬರನ್ನು ಮುಟ್ಟಿದರೆ ಫಲವೇನು? 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಮಾರ್ಗಸೂಚಿಯು ಕೈಶುಚಿಗೆ ಐದು ಸಂದರ್ಭಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದೇ ರೋಗಿಯನ್ನು ಮುಟ್ಟುವ ಮುನ್ನ. ಸಾಬೂನಿನಿಂದ ತೊಳೆಯಲು ಬೇಕಾದುದು 40ರಿಂದ 60 ಸೆಕೆಂಡು ಮಾತ್ರ.

ನಿಮ್ಮಲ್ಲಿ ಹಲವರು ಈಗ ತಂದೆತಾಯಿಯರ ಆರೈಕೆಯಲ್ಲಿದ್ದೀರಿ; ಕೆಲವರು ದಾದಿಯರಾಗಿಯೂ ದುಡಿಯುತ್ತಿದ್ದೀರಿ. ಮುಟ್ಟಿದ ನಂತರ ಕೈತೊಳೆಯುವುದು ನಮ್ಮ ರಕ್ಷಣೆಗೆ. ಅದನ್ನು ಯಾರೂ ಕಲಿಸಬೇಕಿಲ್ಲ. ಮುಟ್ಟುವ ಮುನ್ನ ತೊಳೆಯುವುದು ಅವರ ರಕ್ಷಣೆಗೆ. ಅದನ್ನು ಮರೆಯಬೇಡಿರೆಂದು ನನ್ನ ವಿನಂತಿ.